ಡಾಕ್ಟರ್ ನೋಡುವ ಮೊದಲೇ ಹೊರಬಿದ್ದ ಹುಡುಗಿ: ಸೇನಾ ನೇಮಕಾತಿ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಭೂಸೇನೆಯ ನೇಮಕಾತಿ ನೋಡಿಕೊಳ್ಳುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯವಳು. ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ, ಈಗ ನಿವೃತ್ತಿಯಾಗಿದೆ. ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರ್ ಆಗಿ ಸೇವೆ ಮುಗಿಸಿ ಬಂದವರು. ಬೆಳಗಿನ ಜಾವ ಊರಿನ ಮೈದಾನದಲ್ಲಿ ನಾವಿಬ್ಬರೂ ಸೇರಿ ಸೇನೆಯ ಭರ್ತಿಗೆ (ನೇಮಕಾತಿಗೆ) ಹೋಗುವ ಮಕ್ಕಳಿಗೆ ಓಟ, ಜಿಗಿತ, ಬೀಮ್ (ಪುಲ್ ಅಪ್) ಹೇಳಿಕೊಡುತ್ತೇವೆ. ಫೀ ತಗೊಳ್ಳಲ್ಲ. ಮೊದಲು ಬರೀ ಹುಡುಗರು ಬರುತ್ತಿದ್ದರು, ಈಗ ಹುಡುಗಿಯರೂ ಬರುತ್ತಾರೆ.

ಆ ಹುಡುಗಿಯರಲ್ಲಿ ಒಬ್ಬಳ ವಿಷಯ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಅವಳದೂ ಅವಳ ತಂದೆ ತಾಯಿಯದೂ ಒಪ್ಪಿಗೆ ಇದೆ. ಹೆಸರು ಹಾಕುವುದಿಲ್ಲ. ಭರ್ತಿಯ ರ್‍ಯಾಲಿ ಎಲ್ಲಿ ನಡೆಯಿತು, ಯಾವ ಕಚೇರಿ ನಡೆಸಿತು ಅಂತಲೂ ಬರೆಯುವುದಿಲ್ಲ, ಯಾಕಂದರೆ ಅಲ್ಲಿದ್ದ ಯಾರ ಮೇಲೂ ನನಗೆ ಸಿಟ್ಟಿಲ್ಲ. ಅವರು ನಿಯಮದಲ್ಲಿ ಇದ್ದಿದ್ದನ್ನೇ ಮಾಡಿದರು. ನನ್ನ ತಕರಾರು ಇರುವುದು ಆ ನಿಯಮದ ಬಗ್ಗೆಯೇ.

ಮೊದಲು ನಡೆದಿದ್ದು ಹೇಳಿಬಿಡುತ್ತೇನೆ.

ಹುಡುಗಿಯ ಅಪ್ಪನಿಗೆ ಸ್ವಂತ ಜಮೀನು ಅಂತ ಹೆಚ್ಚೇನಿಲ್ಲ, ಸೀಸನ್ನಿನಲ್ಲಿ ಕಬ್ಬು ಕಡಿಯಲು ಹೋಗುತ್ತಾರೆ. ಅವ್ವ ಕೂಲಿ. ಮನೆಯಲ್ಲಿ ಇವಳೇ ದೊಡ್ಡವಳು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ 83 ಹೆಣ್ಣುಮಕ್ಕಳ ಮೊದಲ ತಂಡ ಪಾಸಾಗಿ ಹೊರಬಂತಲ್ಲ, ಆ ಪರೇಡಿನ ಫೋಟೊ ಪೇಪರಿನಲ್ಲಿ ಬಂದಿತ್ತು. ಅದನ್ನು ಕತ್ತರಿಸಿ ನೋಟ್‌ಬುಕ್ಕಿನ ರಟ್ಟಿನ ಒಳಗಡೆ ಅಂಟಿಸಿಕೊಂಡಿದ್ದಾಳೆ. ಆಗ ಅವಳು ಹೈಸ್ಕೂಲು. ನಮ್ಮ ಜಿಲ್ಲೆಯ ಮಕ್ಕಳಿಗೆ ಸೇನೆ ಅನ್ನೋದು ದೂರದ ಮಾತಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಬೆಳಗಾವಿಯಲ್ಲೇ ಇದೆ. ಹುಡುಗಿಯರಿಗಾಗಿಯೇ ಇರುವ ಸೈನಿಕ ಶಾಲೆ ಕಿತ್ತೂರಿನಲ್ಲಿದೆ. 2019ರಲ್ಲಿ ಮಿಲಿಟರಿ ಪೊಲೀಸ್‌ಗೆ ಹೆಣ್ಣುಮಕ್ಕಳನ್ನು ಜವಾನರಾಗಿ ತಗೊಳ್ಳಲು ಮೊದಲ ಸಲ ರ್‍ಯಾಲಿ ಮಾಡಿದಾಗ ಬೆಳಗಾವಿಯಲ್ಲೂ ಮಾಡಿದ್ದಿರಿ. ಆ ಸಲ ಇದ್ದದ್ದು ನೂರು ಹುದ್ದೆ, ಅರ್ಜಿ ಹಾಕಿದವರು ಲಕ್ಷದ ಲೆಕ್ಕದಲ್ಲಿ. ಹೆಣ್ಣುಮಕ್ಕಳಿಗೆ ಎಷ್ಟು ಆಸೆ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇವಳು ಆನ್‌ಲೈನ್ ಪರೀಕ್ಷೆ ಪಾಸು ಮಾಡಿದಳು. ಊರಿನ ಕನ್ನಡ ಶಾಲೆಯಲ್ಲಿ ಓದಿದವಳು, ಮೊಬೈಲ್‌ನಲ್ಲೇ ತಯಾರಿ ಮಾಡಿಕೊಂಡು ಪಾಸಾಗಿದ್ದು ಸಣ್ಣ ಮಾತಲ್ಲ. ಎತ್ತರ ಸಾಕಷ್ಟಿದೆ. ಹತ್ತು ಅಡಿ ಉದ್ದ ಜಿಗಿತ, ಮೂರು ಅಡಿ ಎತ್ತರ ಜಿಗಿತ ಎರಡೂ ಅವಳಿಗೆ ಸಲೀಸು. 1.6 ಕಿಲೋಮೀಟರ್ ಓಟವನ್ನು ಚಳಿಗಾಲದಲ್ಲಿ ಏಳೂಕಾಲು ನಿಮಿಷಕ್ಕೆ ಮುಗಿಸುತ್ತಿದ್ದಳು. ನಿಮ್ಮ ನಿಯಮದಲ್ಲಿ ಹುಡುಗಿಯರಿಗೆ ಮೊದಲ ಗುಂಪಿಗೆ ಏಳೂವರೆ ನಿಮಿಷ, ಎರಡನೇ ಗುಂಪಿಗೆ ಎಂಟು ನಿಮಿಷ, ಅದನ್ನೂ ದಾಟಿದರೆ ಫೇಲ್. ಅಂದರೆ ಅವಳು ಮೊದಲ ಗುಂಪಿನ ಹುಡುಗಿ.

ರ್‍ಯಾಲಿಯ ದಿನ ನಮಗೆ ಒಳಗೆ ಬಿಡುವುದಿಲ್ಲ, ಅದು ಸರಿಯೇ. ನಾನು, ಅವಳ ಅಪ್ಪ, ಇನ್ನೂ ಕೆಲವು ಮಂದಿ ಬೇಲಿ ಆಚೆ ನಿಂತಿದ್ದೆವು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಾಲ್ಕು ಸುತ್ತು ಓಡಬೇಕು. ಮೊದಲ ಎರಡು ಸುತ್ತು ಮುಂದಿನ ಗುಂಪಿನಲ್ಲೇ ಇದ್ದಳು. ಮೂರನೇ ಸುತ್ತಿನಲ್ಲಿ ಹೆಜ್ಜೆ ಭಾರ ಆಗತೊಡಗಿತು. ಓಟ ಕಲಿಸುವವರಿಗೆ ಗೊತ್ತಿರುತ್ತೆ, ದಣಿದವರ ಕೈ ಮೊದಲು ಮೇಲೆ ಬರುತ್ತೆ, ಭುಜ ಕಿವಿ ಹತ್ತಿರ ಏರುತ್ತೆ. ಇವಳದ್ದು ಹಾಗಿರಲಿಲ್ಲ. ಕೈ ಜೋತು ಬಿದ್ದಿತ್ತು, ಬಾಯಿ ತೆರೆದಿತ್ತು. ಬೇಲಿ ಪಕ್ಕದ ತಿರುವಿನಲ್ಲಿ ಹಾದು ಹೋದಾಗ ಮುಖ ಕಂಡಿತು, ತುಟಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಕೊನೇ ಸುತ್ತಿನಲ್ಲಿ ಒಮ್ಮೆ ನಿಂತಳು, ಮೊಣಕಾಲಿಗೆ ಕೈ ಊರಿದಳು, ಮತ್ತೆ ಓಡಿದಳು. ಗೆರೆ ದಾಟಿದ ಕೂಡಲೇ ಕುಸಿದು ಕೂತಳು. ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚ್‌ನಲ್ಲಿ 8 ನಿಮಿಷ 20 ಸೆಕೆಂಡ್ ತೋರಿಸಿತು.

ಅಲ್ಲಿದ್ದ ಜವಾನರು ಓಡಿ ಬಂದು ನೆರಳಿಗೆ ಕರೆದುಕೊಂಡು ಹೋದರು, ನೀರು, ಓಆರ್‌ಎಸ್ ಕೊಟ್ಟರು. ಆಂಬುಲೆನ್ಸ್ ಹತ್ತಿರ ಕೂರಿಸಿ ಬಿಪಿ ನೋಡಿದರು. ಚೆನ್ನಾಗಿ ನೋಡಿಕೊಂಡರು ಅಂತ ಅವಳೇ ಹೇಳಿದಳು, ಅದಕ್ಕೆ ನಾನು ಕೃತಜ್ಞಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, "ಬೇಟಿ, ಮನೆಗೆ ಹೋಗಿ ಚೆನ್ನಾಗಿ ಊಟ ಮಾಡು" ಅಂತ ಹೇಳಿ ಗೇಟಿನ ಹೊರಗೆ ಬಿಟ್ಟರು. ಅಷ್ಟೇ. ಎಷ್ಟು ಸಮಯ ಆಯಿತು, ಯಾಕೆ ಹೊರಗೆ ಹಾಕಿದರು, ಮೈದಾನದಲ್ಲಿ ಕುಸಿದಿದ್ದಳು, ಬಿಪಿ ಇಷ್ಟಿತ್ತು, ಯಾವುದಕ್ಕೂ ಒಂದು ಚೀಟಿ ಇಲ್ಲ.

ಮರುದಿನ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಲೇಡಿ ಡಾಕ್ಟರ್ ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು, ಆಮೇಲೆ ನನ್ನ ಮುಖ ನೋಡಿ "ಇವಳು ಓಡಿದ್ದಾದರೂ ಹೇಗೆ?" ಅಂದರು. ಹಿಮೋಗ್ಲೋಬಿನ್ 8.4 ಬಂತು. ಹೆಣ್ಣುಮಕ್ಕಳಿಗೆ 12 ಇರಬೇಕು. 11ಕ್ಕಿಂತ ಕೆಳಗಿಳಿದರೆ ಮಧ್ಯಮ ರಕ್ತಹೀನತೆ, 8ಕ್ಕಿಂತ ಕೆಳಗೆ ಹೋದರೆ ತೀವ್ರ. ಇವಳು ತೀವ್ರದ ಅಂಚಿನಲ್ಲಿದ್ದಳು.

ಡಾಕ್ಟರ್ ಒಂದೊಂದೇ ಕೇಳುತ್ತಾ ಹೋದರು. ಮುಟ್ಟು ಎಷ್ಟು ದಿನ, ಎಷ್ಟು ಜಾಸ್ತಿ ಹೋಗುತ್ತೆ? ಮಣ್ಣು, ಬಳಪ, ಹಸಿ ಅಕ್ಕಿ ಏನಾದರೂ ತಿನ್ನಬೇಕು ಅನಿಸುತ್ತಾ? ಹುಡುಗಿ ಮಾತಾಡಲಿಲ್ಲ. ಟ್ರ್ಯಾಕ್ ಪ್ಯಾಂಟಿನ ಜೇಬಿಗೆ ಕೈ ಹಾಕಿ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಅಕ್ಕಿ. ಎಷ್ಟೋ ತಿಂಗಳಿಂದ ಮುಷ್ಟಿ ಮುಷ್ಟಿ ತಿನ್ನುತ್ತಿದ್ದಳಂತೆ. ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿಯಾದಾಗ ಇಂಥ ಚಟ ಬರುತ್ತೆ ಅಂತ ಡಾಕ್ಟರ್ ವಿವರಿಸಿದರು. ಮುಟ್ಟಿನಲ್ಲಿ ಪ್ರತಿ ತಿಂಗಳೂ ರಕ್ತ ಜಾಸ್ತಿ ಹೋಗುತ್ತಿತ್ತು, ಅದನ್ನು ಅವಳು ಅವ್ವನಿಗೂ ಹೇಳಿರಲಿಲ್ಲ. ಮೇಲಿಂದ ದಿನಾ ಓಟ. ಊಟ ಅಂದರೆ ರೊಟ್ಟಿ, ಖಾರ, ಸಿಕ್ಕರೆ ಪಲ್ಯೆ. ಊಟದ ಹಿಂದೆಯೇ ಚಹಾ, ಚಹಾ ಕುಡಿದರೆ ತಿಂದದ್ದರಲ್ಲಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಇದರಲ್ಲಿ ಸೋಮಾರಿತನ ಎಲ್ಲಿದೆ ಹೇಳಿ? ತಯಾರಿ ಕಮ್ಮಿಯಾಗಿತ್ತೇ? ನಾವು ಉಸಿರು ಎಳೆದುಕೊಂಡ ಗಾಳಿಯನ್ನು ಸ್ನಾಯುಗಳಿಗೆ ಮುಟ್ಟಿಸುವುದೇ ಹಿಮೋಗ್ಲೋಬಿನ್. ಅದು ಮೂರರಲ್ಲಿ ಒಂದು ಭಾಗ ಇಲ್ಲವಾದರೆ ನಡೆದಾಡುವಾಗ ಗೊತ್ತಾಗುವುದಿಲ್ಲ, ಮನೆ ಕೆಲಸ ಮಾಡುವಾಗ ಗೊತ್ತಾಗುವುದಿಲ್ಲ, ಜಿಗಿತದಲ್ಲೂ ಗೊತ್ತಾಗುವುದಿಲ್ಲ, ಆದರೆ ಏಳೆಂಟು ನಿಮಿಷ ಪೂರ್ತಿ ದಮ್ಮು ಕಟ್ಟಿ ಓಡುವಾಗ ಎಲ್ಲಾ ಗೊತ್ತಾಗಿಬಿಡುತ್ತೆ. ನೀವು ಅಂದು ಅಳೆದದ್ದು ಆ ಹುಡುಗಿಯ ಕಾಯಿಲೆಯನ್ನು. ಅವಳ ಶಕ್ತಿ ಎಷ್ಟು ಅಂತ ಆ ದಿನ ಗೊತ್ತಾಗಲೇ ಇಲ್ಲ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ.

ರ್‍ಯಾಲಿಯಲ್ಲಿ ಮೊದಲು ಓಟ, ಕೊನೆಗೆ ಮೆಡಿಕಲ್. ಮೆಡಿಕಲ್‌ನಲ್ಲಿ ಅನ್‌ಫಿಟ್ ಅಂತ ಬಂದರೆ ಮಿಲಿಟರಿ ಆಸ್ಪತ್ರೆಯ ಸ್ಪೆಷಲಿಸ್ಟ್ ಡಾಕ್ಟರ್ ಹತ್ತಿರ ರಿವ್ಯೂಗೆ ಹೋಗಲು ನೀವು ಅವಕಾಶ ಕೊಡುತ್ತೀರಿ. ಕಿವಿಯಲ್ಲಿ ಗುಗ್ಗೆ ಇದೆ ಅಂತ ಹೊರಗೆ ಬಂದ ಹುಡುಗ ಅದನ್ನು ತೆಗೆಸಿಕೊಂಡು ರಿವ್ಯೂಗೆ ಹೋಗಿ ಫಿಟ್ ಆಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಒಳ್ಳೆಯ ನಿಯಮ ಅದು. ಒಬ್ಬ ಡಾಕ್ಟರ್ ಹೇಳಿದ್ದನ್ನು ಇನ್ನೊಬ್ಬ ಡಾಕ್ಟರ್ ನೋಡಲಿ, ವಾಸಿಯಾಗುವ ತೊಂದರೆಗೋಸ್ಕರ ಒಳ್ಳೆ ಹುಡುಗನನ್ನು ಕಳಕೊಳ್ಳೋದು ಬೇಡ ಅನ್ನೋ ವಿಚಾರ ಅದರ ಹಿಂದಿದೆ.

ಆದರೆ ಅದೇ ವಾಸಿಯಾಗುವ ತೊಂದರೆ ಓಟದಲ್ಲಿ ಕಾಣಿಸಿಕೊಂಡರೆ? ಆಗ ಡಾಕ್ಟರ್ ತನಕ ಹೋಗುವ ದಾರಿಯೇ ಇಲ್ಲ. ಓಟದಲ್ಲಿ ಫೇಲ್ ಅಂದರೆ ಗೇಟಿನ ಹೊರಗೆ. ಮೇಲ್ಮನವಿ ಇಲ್ಲ, ರಿವ್ಯೂ ಇಲ್ಲ. ಯಾರ ಕಾಯಿಲೆ ಓಟಕ್ಕೆ ಅಡ್ಡ ಬರುವುದಿಲ್ಲವೋ ಅವರು ಡಾಕ್ಟರ್ ಮುಂದೆ ನಿಲ್ಲುತ್ತಾರೆ, ಅವರಿಗೆ ಎರಡನೇ ಸಲ ನೋಡಿಸಿಕೊಳ್ಳುವ ಅವಕಾಶವೂ ಸಿಗುತ್ತೆ. ಯಾರ ಕಾಯಿಲೆ ಓಟವನ್ನೇ ಕೆಡಿಸುತ್ತೋ ಅವರನ್ನು ಯಾವ ಡಾಕ್ಟರೂ ಮುಟ್ಟಿ ನೋಡುವುದಿಲ್ಲ. ಇದು ನ್ಯಾಯವಾ?

ನಾವು ಮನವಿ ಕಳಿಸಿದೆವು. ಆಸ್ಪತ್ರೆಯ ರಿಪೋರ್ಟ್, ಡಾಕ್ಟರ್ ಸಹಿ, ಸೀಲು ಎಲ್ಲಾ ಇಟ್ಟು ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ. ಉತ್ತರ ಬಂತು, ಅದಕ್ಕೆ ಧನ್ಯವಾದ. ಆದರೆ ಒಂದೇ ಸಾಲು: ಅಧಿಸೂಚನೆಯ ಪ್ರಕಾರ ದೈಹಿಕ ಪರೀಕ್ಷೆಯನ್ನು ಮತ್ತೆ ನಡೆಸಲು ಅವಕಾಶವಿಲ್ಲ. ರಿಪೋರ್ಟ್ ಬಗ್ಗೆ ಒಂದು ಮಾತೂ ಇರಲಿಲ್ಲ. ಓದಿದರೋ ಇಲ್ಲವೋ ಗೊತ್ತಾಗಲಿಲ್ಲ.

ನಮ್ಮ ಯಜಮಾನರು ಆ ಪತ್ರ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ತಮ್ಮದೇ ಕತೆ ಹೇಳಿದರು. ಸೇವೆಯಲ್ಲಿದ್ದಾಗ ಅವರಿಗೆ ಟೈಫಾಯ್ಡ್ ಆಗಿತ್ತು. ಬಿಪಿಇಟಿ ಅನ್ನೋ ದೈಹಿಕ ಪರೀಕ್ಷೆ ಹತ್ತಿರ ಬಂದಿತ್ತು, ಐದು ಕಿಲೋಮೀಟರ್ ಓಟ, ಹಗ್ಗ ಹತ್ತುವುದು, ಒಂಬತ್ತು ಅಡಿ ಗುಂಡಿ ಜಿಗಿಯುವುದು ಎಲ್ಲಾ ಇರುತ್ತಿತ್ತು ಅದರಲ್ಲಿ. ಇವರು ಸಿಕ್ ರಿಪೋರ್ಟ್ ಮಾಡಿದರು. ಎಂ.ಐ. ರೂಮ್ ಅಂದರೆ ಯೂನಿಟ್ಟಿನ ಚಿಕಿತ್ಸಾ ಕೊಠಡಿಯಿಂದ ಮಿಲಿಟರಿ ಆಸ್ಪತ್ರೆಗೆ ಕಳಿಸಿದರು. ವಾಸಿಯಾದ ಮೇಲೆ ಸಿಕ್ ಲೀವ್ ಕೊಟ್ಟರು, ಬಂದ ಮೇಲೆ ಸ್ವಲ್ಪ ಕಾಲ ಹಗುರ ಕೆಲಸ. ಪೂರ್ತಿ ಫಿಟ್ ಅಂತ ಡಾಕ್ಟರ್ ಬರೆದ ಮೇಲೆಯೇ ಓಡಿಸಿದರು. ಆ ಸಲ ಇವರು ಪಾಸಾದರು. "ಜ್ವರದಲ್ಲಿ ಓಡಿಸಿ ಫೇಲ್ ಅಂತ ಬರೆದಿದ್ದರೆ ನನ್ನ ಗತಿ ಏನಾಗುತ್ತಿತ್ತು?" ಅಂತ ಕೇಳಿದರು.

ಸೇವೆಯಲ್ಲಿರುವವರಿಗೆ ನಿಮ್ಮಲ್ಲಿ ಎಷ್ಟು ಚೆಂದದ ವ್ಯವಸ್ಥೆ ಇದೆ. ಶೇಪ್ ಕೆಟಗರಿ ಅಂತ ಮಾಡಿದ್ದೀರಿ, ಮನಸ್ಸು, ಕಿವಿ, ಕೈಕಾಲು, ಮೈಯ ಶಕ್ತಿ, ಕಣ್ಣು ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ ಅಂಕಿ ಕೊಡುತ್ತೀರಿ. ಕಾಯಿಲೆ ಬಂದವನನ್ನು ತಾತ್ಕಾಲಿಕವಾಗಿ ಕೆಳಗಿನ ಕೆಟಗರಿಗೆ ಹಾಕಿ, ಚಿಕಿತ್ಸೆ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ನೋಡುತ್ತೀರಿ. ಕಾಯಿಲೆಯೇ ಬೇರೆ, ಕೈಲಾಗದಿರುವುದೇ ಬೇರೆ ಅಂತ ಸೇನೆಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ಗೇಟಿನ ಹೊರಗೆ ನಿಂತ ಹುಡುಗಿಗೂ ಸ್ವಲ್ಪ ತೋರಿಸಿ ಅಂತ ಕೇಳುತ್ತಿದ್ದೇನೆ.

ಆಫೀಸರ್ ಆಗಲು ಹೋಗುವವರ ವಿಷಯವೂ ಹೇಳಬೇಕು. ಎಸ್‌ಎಸ್‌ಬಿ ಅನ್ನೋ ಆಯ್ಕೆ ಸಂದರ್ಶನ ಮುಗಿಸಿ ಮೆಡಿಕಲ್‌ನಲ್ಲಿ ಅನ್‌ಫಿಟ್ ಆದವರು 42 ದಿನದೊಳಗೆ ಅಪೀಲ್ ಮೆಡಿಕಲ್ ಬೋರ್ಡ್ ಮುಂದೆ ಹೋಗಬಹುದು. ಅಲ್ಲೂ ಆಗದಿದ್ದರೆ ರಿವ್ಯೂ ಮೆಡಿಕಲ್ ಬೋರ್ಡ್‌ಗೆ ಅರ್ಜಿ ಹಾಕಬಹುದು, ಅದು ದೆಹಲಿಯಲ್ಲೋ ಪುಣೆಯಲ್ಲೋ ನಡೆಯುತ್ತೆ. ಸುಮಾರು ಒಂದೂವರೆ ತಿಂಗಳಲ್ಲಿ ತೂಕ ಇಳಿಸಿಕೊಂಡವರಿದ್ದಾರೆ, ಸಣ್ಣ ಆಪರೇಷನ್ ಮಾಡಿಸಿಕೊಂಡು ಬಂದವರಿದ್ದಾರೆ. ಅವರಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಕಬ್ಬು ಕಡಿಯುವವರ ಮಗಳು ಜವಾನ್ ಆಗಲು ಬಂದಾಗಲೂ ಅಷ್ಟೇ ಸಮಯ, ಅಷ್ಟೇ ಗೌರವ ಸಿಗಲಿ. ಸಿಗಬೇಕಲ್ವಾ?

ಇದು ಒಬ್ಬ ಹುಡುಗಿಯ ಕತೆ ಅಷ್ಟೇ ಅಂತ ದಯವಿಟ್ಟು ಪಕ್ಕಕ್ಕಿಡಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. 15ರಿಂದ 19 ವರ್ಷದವರಲ್ಲಿ ಇನ್ನೂ ಜಾಸ್ತಿ, ನೂರಕ್ಕೆ 59. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ನೀವು ರ್‍ಯಾಲಿಗೆ ಕರೆಯುವುದು ಹದಿನೆಂಟು, ಇಪ್ಪತ್ತರ ಆಸುಪಾಸಿನವರನ್ನು. ಸಾಲಾಗಿ ನಿಂತ ಹುಡುಗಿಯರಲ್ಲಿ ಎಷ್ಟು ಜನರ ಮೈಯಲ್ಲಿ ರಕ್ತ ಕಮ್ಮಿ ಇರಬಹುದು, ಯೋಚಿಸಿ. ಶಾಲೆಯಲ್ಲಿದ್ದಾಗ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣದ ಗುಳಿಗೆ ಕೊಡುತ್ತಿದ್ದೆವು, ನಾನೇ ಕ್ಲಾಸಿನಲ್ಲಿ ನಿಂತು ನುಂಗಿಸಿದ್ದೇನೆ. ಶಾಲೆ ಬಿಟ್ಟ ಮೇಲೆ ಅದು ಕೈಗೆ ಸಿಗುವುದು ಅಷ್ಟಕ್ಕಷ್ಟೇ. ಸರಿಯಾಗಿ ಆ ವಯಸ್ಸಿನಲ್ಲೇ ಇವರು ದಿನಾ ಬೆಳಗ್ಗೆ ಎದ್ದು ಓಡಲು ಶುರು ಮಾಡುತ್ತಾರೆ.

ಹುಡುಗರಿಗೂ ಇದು ಬೇರೆ ರೂಪದಲ್ಲಿ ಬರುತ್ತೆ. ಡೆಂಗ್ಯೂ ಬಂದು ಹೋದ ಮೇಲೆ ವಾರಗಟ್ಟಲೆ ಸುಸ್ತು ಇರುತ್ತೆ, ಮೆಟ್ಟಿಲು ಹತ್ತಿದರೂ ಏದುಸಿರು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತಲೇ ಘೋಷಣೆ ಮಾಡಬೇಕಾಯಿತು. ಅಡ್ಮಿಟ್ ಕಾರ್ಡ್‌ನಲ್ಲಿ ಬಂದ ತಾರೀಖು ಬಂದಿದ್ದೇ, ಅದನ್ನು ಮುಂದೆ ಹಾಕಿಸಿಕೊಳ್ಳಲು ಆಗಲ್ಲ ಅಂತ ಹಾಸಿಗೆಯಿಂದ ಎದ್ದು ಹೋಗಿ ಓಡುವ ಹುಡುಗರಿದ್ದಾರೆ. ಅದು ಜೀವಕ್ಕೂ ಅಪಾಯ. ಒಂದು ಅವಕಾಶ ಇದೆ ಅಂತ ಗೊತ್ತಿದ್ದರೆ ಯಾರೂ ಹಾಗೆ ಓಡಲ್ಲ.

ಇದಕ್ಕೆ ಎದುರು ಮಾತು ಏನು ಬರುತ್ತೆ ಅಂತಲೂ ನನಗೆ ಗೊತ್ತು. ಯಜಮಾನರ ಹಳೆಯ ಗೆಳೆಯರೊಬ್ಬರು ಮುಖಕ್ಕೇ ಹೇಳಿದರು: "ಅಕ್ಕಾ, ಹೀಗೆ ಬಿಟ್ಟರೆ ಫೇಲ್ ಆದವರೆಲ್ಲಾ ನಾಳೆ ಸರ್ಟಿಫಿಕೇಟ್ ಹಿಡಕೊಂಡು ಬರ್ತಾರೆ." ಹೌದು, ಬರುತ್ತಾರೆ. ದುಡ್ಡು ಕೊಟ್ಟು ಬರೆಸಿಕೊಂಡೂ ಬರುತ್ತಾರೆ. ಹಾಗಾಗಿ ಹೊರಗಿನ ಸರ್ಟಿಫಿಕೇಟ್ ನಂಬಿ ಅಂತ ನಾನು ಕೇಳುತ್ತಲೇ ಇಲ್ಲ. ಮೈದಾನದಲ್ಲಿ ನಿಮ್ಮದೇ ಡಾಕ್ಟರ್ ಇರುತ್ತಾರೆ, ನಿಮ್ಮದೇ ಆಂಬುಲೆನ್ಸ್ ಇರುತ್ತೆ. ಓಡುವಾಗ ಕುಸಿದವರ ಬೆರಳಿನಿಂದ ಒಂದು ಹನಿ ರಕ್ತ ತಗೊಂಡು ಅಲ್ಲೇ ಹಿಮೋಗ್ಲೋಬಿನ್ ನೋಡಬಹುದು. ಆ ಸಣ್ಣ ಮಷಿನ್ ಹಿಡಿದು ಆರೋಗ್ಯ ಇಲಾಖೆಯವರು ಶಾಲೆ, ಅಂಗನವಾಡಿಗೆ ಬರುತ್ತಾರೆ, ನಿಮಿಷದಲ್ಲಿ ಅಂಕಿ ಬರುತ್ತೆ. ಅನುಮಾನ ಇದ್ದರೆ ಮಿಲಿಟರಿ ಆಸ್ಪತ್ರೆಗೆ ಕಳಿಸಿ ಅಲ್ಲೇ ಪೂರ್ತಿ ಪರೀಕ್ಷೆ ಮಾಡಿಸಿ. ಅದೇ ದಿನ ನಿಮ್ಮವರೇ ತೆಗೆದ ರಕ್ತದಲ್ಲಿ ಮೋಸ ಮಾಡಲು ಯಾರಿಂದಲೂ ಆಗಲ್ಲ.

ಇನ್ನೊಂದು ಮಾತೂ ಬಂತು. ಯುದ್ಧ ಅಂದಾಗ ಕಾಯಿಲೆ ಅಂತ ಕೂರಲು ಆಗುತ್ತಾ, ಸೇನೆಗೆ ಗಟ್ಟಿಯಾದವರೇ ಬೇಕಲ್ವಾ ಅಂತ. ಗಟ್ಟಿಯಾದವರೇ ಬೇಕು, ನಾನೂ ಅದನ್ನೇ ಹೇಳುತ್ತಿದ್ದೇನೆ. ಎಂಟು ನಿಮಿಷವನ್ನು ಒಂಬತ್ತು ಮಾಡಿ ಅಂತ ಕೇಳಿಲ್ಲ. ಒಂದು ಸೆಕೆಂಡೂ ರಿಯಾಯಿತಿ ಬೇಡ. ಚಿಕಿತ್ಸೆ ಆದ ಮೇಲೆ ಅದೇ ಟ್ರ್ಯಾಕ್, ಅದೇ ನಾಲ್ಕು ಸುತ್ತು, ಅದೇ ಸಮಯ. ಆಗಲೂ ಆಗದಿದ್ದರೆ ಮನೆಗೆ ಕಳಿಸಿ, ನಾವು ತುಟಿ ಪಿಟಕ್ ಅನ್ನಲ್ಲ. ಅಲ್ಲದೆ 8.4 ಹಿಮೋಗ್ಲೋಬಿನ್ ಇಟ್ಟುಕೊಂಡು ನಾಲ್ಕೂ ಸುತ್ತು ಮುಗಿಸಿದ ಹುಡುಗಿ ಗಟ್ಟಿ ಅಲ್ಲ ಅಂದರೆ ನಾನು ಒಪ್ಪಲ್ಲ. ನಡುವೆ ನಿಂತವಳು ಟ್ರ್ಯಾಕ್ ಬಿಟ್ಟು ಹೊರಗೆ ಬರಬಹುದಿತ್ತು. ಬರಲಿಲ್ಲ.

ಕೋರ್ಟಿಗೆ ಹೋಗಿ ಅಂತ ಹೇಳಿದವರೂ ಇದ್ದಾರೆ. ವಕೀಲರ ಫೀ, ಧಾರವಾಡದ ಹೈಕೋರ್ಟ್ ಪೀಠಕ್ಕೆ ಓಡಾಟ, ವರ್ಷಗಟ್ಟಲೆ ಕಾಯೋದು, ಇದು ಆ ಮನೆಯಿಂದ ಆಗುವ ಕೆಲಸ ಅಲ್ಲ. ಜೊತೆಗೆ ಅವಳ ಅಪ್ಪ ಹೇಳಿದ ಮಾತು ನನಗೆ ಸರಿ ಅನಿಸಿತು. ಯಾವ ಸೇನೆಗೆ ಮಗಳನ್ನು ಕಳಿಸಬೇಕು ಅಂತಿದ್ದೇವೋ ಅವರ ಮೇಲೆಯೇ ಕೇಸ್ ಹಾಕೋದು ಹೇಗೆ ಟೀಚರ್ರೇ ಅಂದರು. ಆಮೇಲೆಯೇ ನಾನು ಈ ಪತ್ರ ಬರೆಯಲು ಕೂತೆ.

ಈಗ ನಮ್ಮ ಬೇಡಿಕೆಗಳು.

ಎಲ್ಲಕ್ಕಿಂತ ಮೊದಲು, ಓಟದಲ್ಲಿ ಫೇಲ್ ಆದವರು ವೈದ್ಯಕೀಯ ಕಾರಣಕ್ಕೆ ಮನವಿ ಮಾಡಿಕೊಳ್ಳಲು ಅಧಿಸೂಚನೆಯಲ್ಲೇ ಒಂದು ದಾರಿ ಇಡಿ. ಎಲ್ಲರಿಗೂ ಬೇಡ. ಮೈದಾನದ ಡಾಕ್ಟರ್ ಅದೇ ದಿನ ಪರೀಕ್ಷೆ ಮಾಡಿ, ವಾಸಿಯಾಗುವಂಥ ತೊಂದರೆ ಇದೆ ಅಂತ ಬರೆದುಕೊಟ್ಟವರಿಗೆ ಮಾತ್ರ. ಅವರಿಗೆ ಮೂರು ತಿಂಗಳು ಬಿಟ್ಟು ಒಂದೇ ಒಂದು ಸಲ ಓಡಲು ಬಿಡಿ. ಮೂರು ತಿಂಗಳು ಯಾಕೆ ಅಂದರೆ ರಕ್ತಹೀನತೆಗೆ ಗುಳಿಗೆ ಶುರು ಮಾಡಿದರೆ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಸರಿಯಾಗುತ್ತೆ. ಹುಡುಗಿಯರ ರ್‍ಯಾಲಿ ಹುಡುಗರದ್ದಕ್ಕಿಂತ ತುಂಬಾ ಚಿಕ್ಕದು, ಮೊದಲು ಅಲ್ಲೇ ಮಾಡಿ ನೋಡಬಹುದು.

ವಯಸ್ಸಿನ ವಿಷಯ ಇದಕ್ಕೇ ಅಂಟಿಕೊಂಡಿದೆ. ನಮ್ಮ ಹುಡುಗಿಗೆ ಮುಂದಿನ ಅಧಿಸೂಚನೆ ಹೊತ್ತಿಗೆ ವಯಸ್ಸಿನ ಮಿತಿ ದಾಟುತ್ತೆ. ಮುಂದಿನ ವರ್ಷ ನೋಡೋಣ ಬಿಡು ಅಂತ ಅವಳಿಗೆ ಸಮಾಧಾನ ಹೇಳಲು ನಮಗೆ ಬಾಯಿಲ್ಲ. ಹಾಗಾಗಿ ಮರು ಓಟಕ್ಕೆ ಬರುವವರ ವಯಸ್ಸನ್ನು ಮೊದಲ ಅರ್ಜಿಯ ದಿನದ ಲೆಕ್ಕದಲ್ಲೇ ನೋಡಬೇಕು. 2022ರಲ್ಲಿ ಅಗ್ನಿಪಥ ಶುರುವಾದಾಗ, ಕೋವಿಡ್‌ನಿಂದ ಎರಡು ವರ್ಷ ಭರ್ತಿ ಆಗಿರಲಿಲ್ಲ ಅಂತ ಆ ವರ್ಷಕ್ಕೆ ಮಾತ್ರ ಇಪ್ಪತ್ತೊಂದಿದ್ದ ವಯಸ್ಸಿನ ಮಿತಿಯನ್ನು 23ಕ್ಕೆ ಏರಿಸಿದ್ದರು. ತಮ್ಮದಲ್ಲದ ಕಾರಣಕ್ಕೆ ಅವಕಾಶ ತಪ್ಪಿದವರಿಗೆ ವಯಸ್ಸು ಬಿಟ್ಟುಕೊಡಬಹುದು ಅಂತ ಸರ್ಕಾರವೇ ಆಗ ಒಪ್ಪಿತ್ತು.

ಹೊರಗೆ ಕಳಿಸುವ ಪ್ರತಿಯೊಬ್ಬರ ಕೈಗೂ ಒಂದು ಚೀಟಿ ಕೊಡಿ. ಓಡಿದ ಸಮಯ ಎಷ್ಟು, ಯಾವ ಕಾರಣಕ್ಕೆ ಹೊರಗೆ, ಡಾಕ್ಟರ್ ನೋಡಿದ್ದರೆ ಏನು ಕಂಡಿತು. ಈಗ ನಮ್ಮ ಹುಡುಗಿ ಮೈದಾನದಲ್ಲಿ ಕುಸಿದಿದ್ದಳು ಅನ್ನುವುದಕ್ಕೆ ನಮ್ಮ ಬಾಯಿಮಾತು ಬಿಟ್ಟರೆ ಬೇರೆ ದಾಖಲೆಯೇ ಇಲ್ಲ.

ಅಡ್ಮಿಟ್ ಕಾರ್ಡ್ ಜೊತೆಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಕಳಿಸಿ. ಇಂಗ್ಲಿಷ್ ಅಧಿಸೂಚನೆಯ ಪುಟಗಟ್ಟಲೆ ಸಾಲುಗಳಲ್ಲಿ ಹುಡುಕಿಕೊಳ್ಳುವ ಹಾಗಾಗಬಾರದು. ರ್‍ಯಾಲಿಗೆ ಮೂರು ತಿಂಗಳು ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಜ್ವರದಲ್ಲಿ ಓಡಬೇಡಿ ಅಂತ ಅದರಲ್ಲಿ ಬಿಡಿಸಿ ಬರೆಯಿರಿ. ಸೇನೆಯವರ ಕಾಗದದಲ್ಲಿ ಬರೆದಿದೆ ಅಂದರೆ ಹಳ್ಳಿಯಲ್ಲಿ ಅದಕ್ಕೆ ಇರುವ ತೂಕವೇ ಬೇರೆ. ಅವ್ವಂದಿರೂ ಕೇಳುತ್ತಾರೆ, ಹುಡುಗಿಯರೂ ನಾಚಿಕೆ ಬಿಟ್ಟು ಹೇಳುತ್ತಾರೆ. ಹುಡುಗಿಯರ ರ್‍ಯಾಲಿಯಲ್ಲಿ ಓಟ ನಡೆಯುವ ಜಾಗದಲ್ಲೇ ಒಬ್ಬ ಲೇಡಿ ಡಾಕ್ಟರ್ ಇರುವುದು ಕೂಡ ಅಷ್ಟೇ ಮುಖ್ಯ. ಗಂಡಸರ ಮುಂದೆ ಈ ಮಾತು ಯಾವ ಹುಡುಗಿಯ ಬಾಯಿಂದಲೂ ಹೊರಡುವುದಿಲ್ಲ.

ಮನವಿಗೆ ಉತ್ತರ ಕೊಡುವಾಗ ಕಳಿಸಿದ ರಿಪೋರ್ಟ್ ನೋಡಿದ್ದೇವೆ ಅಂತಲಾದರೂ ಬರೆಯಿರಿ. ಆಗಲ್ಲ ಅಂದರೂ ಪರವಾಗಿಲ್ಲ, ಓದಿದ್ದಾರೆ ಅಂತ ಗೊತ್ತಾದರೆ ಸಾಕು.

ಕೊನೆಯದು ನಮ್ಮ ಹುಡುಗಿಯ ವಿಷಯ. ಡಾಕ್ಟರ್ ಹೇಳಿದ ಗುಳಿಗೆ ತಪ್ಪದೆ ತಗೊಂಡಿದ್ದಾಳೆ. ಊಟದ ಜೊತೆ ಚಹಾ ಬಿಟ್ಟಿದ್ದಾಳೆ, ನಿಂಬೆಹಣ್ಣು, ಶೇಂಗಾ, ಬೆಲ್ಲ, ಸೊಪ್ಪು, ವಾರಕ್ಕೆರಡು ಸಲ ಮೊಟ್ಟೆ ತಿನ್ನುತ್ತಿದ್ದಾಳೆ. ಮುಟ್ಟಿನ ತೊಂದರೆಗೂ ಚಿಕಿತ್ಸೆ ನಡೆದಿದೆ. ಹಸಿ ಅಕ್ಕಿ ತಿನ್ನಬೇಕು ಅಂತ ಈಗ ಅನಿಸುವುದೇ ಇಲ್ಲವಂತೆ. ಮೂರು ತಿಂಗಳ ನಂತರ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12.3 ಬಂದಿದೆ. ಕಳೆದ ವಾರ ನಮ್ಮ ಮೈದಾನದಲ್ಲಿ 1.6 ಕಿಲೋಮೀಟರನ್ನು 7 ನಿಮಿಷ 18 ಸೆಕೆಂಡಿಗೆ ಮುಗಿಸಿದ್ದಾಳೆ. ನನ್ನ ಸ್ಟಾಪ್‌ವಾಚ್ ನಂಬಬೇಡಿ. ನಿಮ್ಮ ಮೈದಾನ, ನಿಮ್ಮ ವಾಚು, ನಿಮ್ಮ ಡಾಕ್ಟರ್ ಇರಲಿ. ರಕ್ತ ತೆಗೆದು ನೋಡಿ, ಆಮೇಲೆ ಓಡಿಸಿ.

ನೀವು ಯಾವ ದಿನ, ಎಲ್ಲಿಗೆ ಕರೆದರೂ ಅವಳು ಬರುತ್ತಾಳೆ. ಎರಡೂ ರಕ್ತ ಪರೀಕ್ಷೆಯ ರಿಪೋರ್ಟ್, ಮೊದಲಿನ ಮನವಿಯ ಪ್ರತಿ, ಅದಕ್ಕೆ ಬಂದ ಉತ್ತರದ ಪ್ರತಿ ಎಲ್ಲವನ್ನೂ ಈ ಪತ್ರದ ಜೊತೆ ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಅವಳ ಹೆಸರು, ರೋಲ್ ನಂಬರ್ ಅದರಲ್ಲಿದೆ. ಅವಳಿಗೆ ವಯಸ್ಸಿನ ಮಿತಿ ದಾಟುವ ಮೊದಲು ಉತ್ತರ ಕೊಡಬೇಕು ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕಿ,
ಬೆಳಗಾವಿ ಜಿಲ್ಲೆ